ನಾನಾ ಅವರ 240ಡಿ

ಪ್ರಥಮ ಪಿಯುಸಿಯ ಅಕೌಂಟೆನ್ಸಿಯಲ್ಲಿ ಸವಕಳಿ ಎಂಬ ಪಾಠವಿದೆ. ವಾಣಿಜ್ಯ ವಿಭಾಗದವರಿಗೆ ಅದನ್ನು ಮತ್ತೆ ಹೇಳಬೇಕಾಗಿಲ್ಲ. ವಿಜ್ಞಾನ, ಕಲಾ ವಿಭಾಗದ ಗೆಳೆಯ ಗೆಳತಿಯರಿಗಾಗಿ ನಾಲ್ಕು ಮಾತು ಹೇಳಿಬಿಡುತ್ತೇನೆ. ಯಂತ್ರವನ್ನೋ ವಾಹನವನ್ನೋ ಕೊಂಡ ಮೇಲೆ ಅದರ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಆ ಇಳಿಕೆಯನ್ನು ಪ್ರತಿ ವರ್ಷ ಖರ್ಚು ಎಂದು ಬರೆಯಬೇಕು. ಕೊಂಡ ಬೆಲೆಯಿಂದ ವರ್ಷವೂ ಒಂದೇ ಮೊತ್ತ ಕಳೆಯುವುದು ಒಂದು ಪದ್ಧತಿ. ಹಿಂದಿನ ವರ್ಷ ಉಳಿದ ಬೆಲೆಯ ಮೇಲೆ ಶೇಕಡಾ ಇಷ್ಟು ಎಂದು ಕಳೆಯುವುದು ಇನ್ನೊಂದು. ಎರಡನೆಯದರಲ್ಲಿ ಒಂದು ತಮಾಷೆ ಇದೆ. ಎಷ್ಟು ವರ್ಷ ಕಳೆದರೂ ಬೆಲೆ ಸೊನ್ನೆ ಮಾತ್ರ ಆಗುವುದಿಲ್ಲ.

ಈ ಎರಡನೆಯ ಲೆಕ್ಕವನ್ನು ನಮ್ಮ ನಾನಾ ಅವರ ಕಾರಿಗೆ ಹಾಕಿ ನೋಡಿದೆ. ನಾನಾ ಎಂದರೆ ನಮ್ಮ ಅಮ್ಮಿಯ ತಂದೆ. 1998ರಲ್ಲಿ ಕಾರು ಅವರ ಹೆಸರಿಗೆ ಬಂದಾಗ ಅದಕ್ಕೆ ಕಟ್ಟಿದ ಬೆಲೆ ಒಂದು ಲಕ್ಷ ರೂಪಾಯಿ. ವರ್ಷಕ್ಕೆ ಶೇಕಡಾ 15ರಂತೆ 27 ವರ್ಷ ಕಳೆದರೆ 2025ಕ್ಕೆ ಉಳಿಯುವುದು ಸುಮಾರು 1,240 ರೂಪಾಯಿ. ಇದೇ ಕಾರಿನ ನೋಂದಣಿಯನ್ನು 2026ರಲ್ಲಿ ಇನ್ನೈದು ವರ್ಷಕ್ಕೆ ನವೀಕರಿಸಲು ಕಟ್ಟಬೇಕಾದ ಶುಲ್ಕ 80,000 ರೂಪಾಯಿ. ಮೂರು ತಿಂಗಳಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಇದೇ ಮಾತು.

ಶುಲ್ಕ ಇಷ್ಟು ಯಾಕೆ ಎಂದು ಕೇಳಬಹುದು. ಖಾಸಗಿ ಕಾರಿನ ನೋಂದಣಿಗೆ ಮೊದಲು 15 ವರ್ಷ ಅವಧಿ. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ಗಾಡಿ ನಿಲ್ಲಿಸಿ, ಪರೀಕ್ಷೆ ಮಾಡಿಸಿ, ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಈ ನವೀಕರಣದ ಶುಲ್ಕ ಸಾಮಾನ್ಯ ಕಾರಿಗೆ 5,000, ಹೊರದೇಶದಿಂದ ಬಂದ ಕಾರಿಗೆ 40,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ್ದಾದರೆ ಎರಡೂ ದುಪ್ಪಟ್ಟು ಎಂದಾಯಿತು. ಹಳೆ ಗಾಡಿ ಇಟ್ಟುಕೊಳ್ಳುವುದು ಜನಕ್ಕೆ ಭಾರವಾಗಲಿ, ಬಿಡಲಿ ಎಂಬುದೇ ಉದ್ದೇಶ. ಹೊಗೆಯ ವಿಷಯದಲ್ಲಿ ಅದು ಸುಳ್ಳೇನಲ್ಲ. ಬೆಳಿಗ್ಗೆ ನಾನಾ ಇಂಜಿನ್ ಸ್ಟಾರ್ಟ್ ಮಾಡಿದರೆ ನಮ್ಮ ನಾನಿ ಅಡುಗೆಮನೆಯ ಕಿಟಕಿ ಮುಚ್ಚುತ್ತಾರೆ. ಇನ್ನೊಂದು ಕಡೆ, 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಲ್ಲಿ ವಿಂಟೇಜ್ ಎಂಬ ಗೌರವವಿದೆ. ‘ವಿಎ’ ಎಂಬ ಬೇರೆ ನಂಬರ್ ಪ್ಲೇಟ್, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನಕ್ಕೋ ರ್‍ಯಾಲಿಗೋ ರಿಪೇರಿಗೋ ಮಾತ್ರ ಹೊರಗೆ ತೆಗೆಯಬಹುದು. ನಮ್ಮ ಕಾರಿಗೆ 50 ತುಂಬುವುದು 2033ಕ್ಕೆ. ಅಲ್ಲಿಯವರೆಗೆ 2026ರಲ್ಲಿ ಒಂದು, 2031ರಲ್ಲಿ ಒಂದು, ಹೀಗೆ ಎರಡು ಸಲ 80,000. ಗುಜರಿಯೂ ಆಗಿರದ, ವಿಂಟೇಜೂ ಆಗಿರದ ನಡುವಿನ ವಯಸ್ಸು ಅದಕ್ಕೆ ದುಬಾರಿ.

ಬೆಂಜ್ ಕಾರು ಎಂದ ಕೂಡಲೇ ನನ್ನ ಬೆಂಚಿನವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹಾಗೇನೂ ಇಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ನಮ್ಮ ಮಾಮೂ ಅವರ ಗ್ಯಾರೇಜ್ ಇದೆ. ಅದರ ಹಿಂಬದಿಯ ತಗಡಿನ ಶೀಟಿನ ಕೆಳಗೆ, ಹಳೆ ಟೈರು ಮತ್ತು ಗೇರ್ ಬಾಕ್ಸುಗಳ ನಡುವೆ, ಹಾಲುಗೆನೆ ಬಣ್ಣದ 1983ರ ಮರ್ಸಿಡಿಸ್ ಬೆಂಜ್ 240ಡಿ ನಿಂತಿರುತ್ತದೆ. 240 ಎಂದರೆ 2.4 ಲೀಟರ್ ಇಂಜಿನ್, ಡಿ ಎಂದರೆ ಡೀಸೆಲ್. ಶಕ್ತಿ 72 ಅಶ್ವಶಕ್ತಿ. ಒಂದೂವರೆ ಟನ್ ಹತ್ತಿರದ ಕಬ್ಬಿಣಕ್ಕೆ ಇಷ್ಟೇ. ಆಯನೂರಿನ ಕಡೆ ಹೊರಟರೆ ಹಿಂದಿನಿಂದ ಬಂದ ಸಣ್ಣ ಸಣ್ಣ ಕಾರುಗಳೆಲ್ಲ ಹಾರ್ನ್ ಹೊಡೆದು ಮುಂದೆ ಹೋಗುತ್ತವೆ. ನಾನಾ ಅವರಿಗೆ ಅದರ ಪರಿವೆ ಇಲ್ಲ.

ಇದು ಡಬ್ಲ್ಯು 123 ಎಂಬ ಸರಣಿಯ ಕಾರು. ಜರ್ಮನಿಯ ಸಿಂಡೆಲ್ಫಿಂಗನ್ ಕಾರ್ಖಾನೆಯಲ್ಲಿ 1976ರಿಂದ ಸುಮಾರು ಹತ್ತು ವರ್ಷ ಈ ಸರಣಿ ತಯಾರಾಯಿತು. ಒಟ್ಟು 27 ಲಕ್ಷದ ಹತ್ತಿರ ಕಾರುಗಳು. ಡೀಸೆಲ್ ಕಾರನ್ನು ದೊಡ್ಡ ಸಂಖ್ಯೆಯಲ್ಲಿ ಮೊದಲು ಮಾರಾಟಕ್ಕೆ ತಂದವರೂ ಇದೇ ಕಂಪನಿಯವರು. 1936ರ 260ಡಿ ಆ ಕಾರು, ಅದರ ಮೊದಲ ಗಿರಾಕಿಗಳಲ್ಲಿ ಟ್ಯಾಕ್ಸಿಯವರೇ ಹೆಚ್ಚು. 240ಡಿ ಕೂಡ ಟ್ಯಾಕ್ಸಿಯವರ ಕಾರು. ಗ್ರೀಸ್ ದೇಶದ ಗ್ರಿಗೋರಿಯೋಸ್ ಸಖಿನಿಡಿಸ್ ಎಂಬ ಟ್ಯಾಕ್ಸಿ ಚಾಲಕ ಇದರ ಹಿಂದಿನ ಮಾದರಿಯ 1976ರ 240ಡಿಯನ್ನು, ಇಂಜಿನ್‌ಗಳನ್ನು ಬದಲಿಸಿಕೊಳ್ಳುತ್ತ, 46 ಲಕ್ಷ ಕಿಲೋಮೀಟರ್ ಓಡಿಸಿದರು. 2004ರಲ್ಲಿ ಆ ಕಾರನ್ನು ಕಂಪನಿಯ ಮ್ಯೂಸಿಯಂಗೆ ಕೊಟ್ಟರು. ಇದನ್ನು ನಾನಾ ಅವರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಟ್ಯಾಪೆಟ್ ಎಷ್ಟು ಸಲ ಸೆಟ್ ಮಾಡಿದಾನಂತೆ?”

ನಾನಾ ಈ ಇಂಜಿನ್ ಕಲಿತದ್ದು ಜರ್ಮನಿಯಲ್ಲೂ ಅಲ್ಲ, ಶಿವಮೊಗ್ಗದಲ್ಲೂ ಅಲ್ಲ. 1981ರಲ್ಲಿ ಕುವೈತ್‌ಗೆ ಹೋದರು. ಅಲ್ಲಿ ಶುವೈಖ್ ಎಂಬ ಗ್ಯಾರೇಜುಗಳ ಪ್ರದೇಶದಲ್ಲಿ ಬೆಂಜ್ ಲಾರಿಗಳ ಕೆಲಸ ಮಾಡಿದರು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತ್ ಒಳಗೆ ಬಂತು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಬಾಂಬೆಗೆ ಬಂದರು. ಅವರಲ್ಲಿ ನಾನಾ ಒಬ್ಬರು. ಮರುಭೂಮಿಯ ದಾರಿಯ ಬಗ್ಗೆ ಅವರು ಹೆಚ್ಚು ಮಾತಾಡುವುದಿಲ್ಲ. ಅಮ್ಮಾನ್‌ನ ರಸ್ತೆಯಲ್ಲಿ ಟ್ಯಾಕ್ಸಿಗಳೆಲ್ಲ ಬೆಂಜ್ ಡೀಸೆಲ್ ಎಂಬುದನ್ನು ಮಾತ್ರ ಸಾವಿರ ಸಲ ಹೇಳಿದ್ದಾರೆ. ಒಂಬತ್ತು ವರ್ಷದ ದುಡಿಮೆಯಿಂದ ಊರಿಗೆ ತಂದದ್ದು ಎರಡು ಜೊತೆ ಬಟ್ಟೆ, ಜೇಬಿನಲ್ಲಿದ್ದ ಒಂದು ಫೀಲರ್ ಗೇಜ್. ಆ ಗೇಜ್ ಈಗ ನನ್ನ ಬಳಿ ಇದೆ.

ಊರಿಗೆ ಬಂದು ಗ್ಯಾರೇಜ್ ತೆರೆದಾಗ ಅವರ ವಿದ್ಯೆ ಕೆಲಸಕ್ಕೆ ಬಂದದ್ದು ಒಂದು ವಿಚಿತ್ರ ದಾರಿಯಲ್ಲಿ. ನಾವು ಸಾಮಾನು ಸಾಗಿಸುವ ಸಣ್ಣ ಗಾಡಿಗೆಲ್ಲ ಟೆಂಪೋ ಎನ್ನುತ್ತೇವಲ್ಲ, ಅದು ನಿಜವಾಗಿ ಜರ್ಮನಿಯ ಹ್ಯಾಂಬರ್ಗ್‌ನ ಒಂದು ಕಂಪನಿಯ ಹೆಸರು. 1958ರಲ್ಲಿ ಅವರ ಜೊತೆ ಸೇರಿ ಬಜಾಜ್ ಟೆಂಪೋ ಕಂಪನಿ ಶುರುವಾಯಿತು. ಮುಂದೆ ಇದೇ ಕಂಪನಿ ಬೆಂಜ್‌ನವರಿಂದ ಒಎಂ 616 ಎಂಬ ಡೀಸೆಲ್ ಇಂಜಿನ್ನಿನ ಪರವಾನಗಿ ಪಡೆದು ಇಲ್ಲೇ ತಯಾರಿಸತೊಡಗಿತು. ಮಲೆನಾಡಿನಲ್ಲಿ ಶಾಲೆಯ ಮಕ್ಕಳನ್ನೂ ಅಡಿಕೆ ಮೂಟೆಯನ್ನೂ ಮದುವೆ ದಿಬ್ಬಣವನ್ನೂ ಹೊತ್ತ ಹಳೆಯ ಟ್ರ್ಯಾಕ್ಸ್, ಟೆಂಪೋ ಟ್ರಾವೆಲರ್ ಗಾಡಿಗಳ ಬಾನೆಟ್ಟಿನೊಳಗೆ ಇದ್ದದ್ದು ಅದೇ ಇಂಜಿನ್. 240ಡಿಯ ಇಂಜಿನ್ನಿನ ಹೆಸರೂ ಒಎಂ 616. ಕಂಪನಿಗೆ 2005ರಲ್ಲಿ ಫೋರ್ಸ್ ಎಂದು ಹೆಸರು ಬದಲಾಯಿತು. ನಮ್ಮ ಗ್ಯಾರೇಜಿನಲ್ಲಿ ಮಾತ್ರ ಇನ್ನೂ ಟೆಂಪೋ ಇಂಜಿನ್ ಎಂದೇ ಕರೆಯುತ್ತಾರೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಒಬ್ಬರ ಮನೆಗೆ 1991ರಲ್ಲಿ ಇಂಗ್ಲೆಂಡಿನಿಂದ ವಾಪಸಾದ ಸಂಬಂಧಿಕರ ಜೊತೆ ಈ ಕಾರು ಬಂತು. ದೊಡ್ಡ ಊರಿನ ಮೆಕ್ಯಾನಿಕ್‌ಗಳು ಸಾಮಾನು ಜರ್ಮನಿಯಿಂದಲೇ ಬರಬೇಕು ಎಂದರಂತೆ. ನಾನಾ ಬಾನೆಟ್ ಎತ್ತಿ ನೋಡಿ, ಪಕ್ಕದಲ್ಲಿ ನಿಂತಿದ್ದ ಟ್ರ್ಯಾಕ್ಸ್ ಕಡೆ ಕೈ ತೋರಿಸಿ, “ಇದಕ್ಕೆ ಹಾಕೋದನ್ನೇ ಅದಕ್ಕೂ ಹಾಕೋಣ ಸ್ವಾಮಿ” ಎಂದರು. ಎಲ್ಲವೂ ಹೊಂದುವುದಿಲ್ಲ. ಹೊಂದುವ ಸಾಮಾನು ಬಹಳ ಇದೆ. ಏಳು ವರ್ಷ ಆ ಕಾರು ಇಲ್ಲಿಗೇ ಬರುತ್ತಿತ್ತು. ಮನೆ ಪಾಲಾದಾಗ ಕಾರು ಯಾರಿಗೂ ಬೇಡವಾಯಿತು. ಬಾಕಿ ಇದ್ದ ಬಿಲ್ಲು, ಅದರ ಮೇಲೆ ಒಂದಿಷ್ಟು ನಗದು, ಒಟ್ಟು ಒಂದು ಲಕ್ಷಕ್ಕೆ ಅದು ನಾನಾ ಅವರದಾಯಿತು.

ನಾನು ಗ್ಯಾರೇಜಿಗೆ ಹೋಗಲು ಶುರುಮಾಡಿದ್ದು ಲೆಕ್ಕ ಬರೆಯಲು. ಮಾಮೂ ಬಿಲ್ಲುಗಳನ್ನು ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದರು. ಹತ್ತನೇ ತರಗತಿಯ ರಜೆಯಲ್ಲಿ ಅದನ್ನೆಲ್ಲ ಒಂದು ಪುಸ್ತಕಕ್ಕೆ ಏರಿಸಿದೆ. ಕೈ ಸಣ್ಣದು ಎಂಬ ಕಾರಣಕ್ಕೆ ಆಮೇಲೆ ಬೇರೆ ಕೆಲಸವೂ ಸಿಕ್ಕಿತು. ದೊಡ್ಡವರ ಕೈ ಹೋಗದ ಕಡೆ ಬಿದ್ದ ನಟ್ಟು ತೆಗೆಯಲು “ಬೇಟಾ, ಇಧರ್ ಆ” ಎಂದು ಕೂಗುತ್ತಾರೆ.

ಕಳೆದ ಮಳೆಗಾಲದಲ್ಲಿ ಈ ಕಾರು ಒಂದು ಹೊಸ ಚಾಳಿ ಕಲಿಯಿತು. ಕೀ ತೆಗೆದು ಜೇಬಿಗೆ ಹಾಕಿಕೊಂಡರೂ ಇಂಜಿನ್ ನಿಲ್ಲುವುದಿಲ್ಲ. ನಾನಾ ಇಳಿದು, ಬಾಗಿಲು ಹಾಕಿ, ಅಂಗಡಿಗೆ ಹೋಗಿ ಬೀಡಾ ತಂದರೂ ಅದು ಟಕಟಕ ಎನ್ನುತ್ತ ನಿಂತೇ ಇರುತ್ತಿತ್ತು. ಬಾನೆಟ್ ಎತ್ತಿ, ಇಂಜಿನ್ ಮೇಲಿರುವ ಸ್ಟಾಪ್ ಎಂಬ ಸಣ್ಣ ಹಿಡಿಯನ್ನು ಒತ್ತಿದರೆ ಮಾತ್ರ ಆರುತ್ತಿತ್ತು.

ಪೆಟ್ರೋಲ್ ಗಾಡಿಯಲ್ಲಿ ಕೀ ತಿರುಗಿಸಿದರೆ ಕಿಡಿ ನಿಲ್ಲುತ್ತದೆ, ಇಂಜಿನ್ ನಿಲ್ಲುತ್ತದೆ. ಡೀಸೆಲ್ಲಿನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ, ಆ ಕಾವಿನೊಳಕ್ಕೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ನಿಲ್ಲಿಸಬೇಕಾದರೆ ಡೀಸೆಲ್ ಕೊಡುವುದನ್ನೇ ನಿಲ್ಲಿಸಬೇಕು. ಹಳೆಯ ಲಾರಿಗಳಲ್ಲಿ ಅದಕ್ಕೆ ಎಳೆಯುವ ತಂತಿ ಇರುತ್ತಿತ್ತು. ಈ ಕಾರಿನಲ್ಲಿ ಆ ಕೆಲಸವನ್ನು ನಿರ್ವಾತ ಮಾಡುತ್ತದೆ. ಇಂಜಿನ್ ಮುಂಭಾಗದಲ್ಲಿ ಒಂದು ವ್ಯಾಕ್ಯೂಮ್ ಪಂಪ್ ಇದೆ, ಇಂಜಿನ್ ತಿರುಗುವಾಗಲೆಲ್ಲ ಗಾಳಿ ಎಳೆಯುತ್ತಿರುತ್ತದೆ. ಕೀ ತಿರುಗಿಸಿದಾಗ ಆ ಎಳೆತ ಡೀಸೆಲ್ ಪಂಪಿನ ಹಿಂದಿನ ಒಂದು ಸಣ್ಣ ಡಬ್ಬಿಗೆ ಹೋಗುತ್ತದೆ. ಒಳಗಿನ ರಬ್ಬರ್ ಪೊರೆ ಸರಿದು ಡೀಸೆಲ್ ನಿಲ್ಲಿಸುತ್ತದೆ. ಬ್ರೇಕಿಗೆ ಬಲ ಕೊಡುವುದೂ ಇದೇ ನಿರ್ವಾತ. ನಾಲ್ಕು ಬಾಗಿಲು, ಡಿಕ್ಕಿ, ಡೀಸೆಲ್ ಹಾಕುವ ಮುಚ್ಚಳ, ಇವಕ್ಕೆಲ್ಲ ಒಟ್ಟಿಗೆ ಬೀಗ ಬೀಳುವುದೂ ಇದರಿಂದಲೇ. 1983ರಲ್ಲಿ ಒಂದು ವೈರೂ ಇಲ್ಲದೆ ಸೆಂಟ್ರಲ್ ಲಾಕ್! ಭೌತಶಾಸ್ತ್ರದವರು ಒಮ್ಮೆ ಬಂದು ನೋಡಬೇಕು.

ಹಾಗಾಗಿ ಇಂಜಿನ್ ನಿಲ್ಲುತ್ತಿಲ್ಲ ಎಂದರೆ ರೋಗ ಇಂಜಿನ್ನಿನಲ್ಲೇ ಇರಬೇಕೆಂದಿಲ್ಲ. ಎಲ್ಲೋ ಒಂದು ಕಡೆ ಗಾಳಿ ಸೋರುತ್ತಿದೆ, ಎಳೆತ ಸಾಲುತ್ತಿಲ್ಲ. ಮಾಮೂ ಡೀಸೆಲ್ ಪಂಪ್ ಬಿಚ್ಚೋಣ ಎಂದರು. ನಾನಾ ಬೇಡ ಎಂದು ಒಂದು ಸ್ಟೂಲ್ ಎಳೆದುಕೊಂಡು ಕೂತರು. ಮೊದಲು ಪಂಪಿನ ಹಿಂದಿನ ಡಬ್ಬಿಯ ಕೊಳವೆ ಕಿತ್ತು ಬಾಯಲ್ಲಿ ಎಳೆದು, ನಾಲಿಗೆ ಅಡ್ಡ ಹಿಡಿದು ನೋಡಿದರು. ನಾಲಿಗೆ ಅಂಟಿಕೊಂಡಿತು. ಅಲ್ಲಿ ಸೋರಿಕೆ ಇಲ್ಲ. ಆಮೇಲೆ ಬಾಗಿಲುಗಳ ಕಡೆ ಹೋಗುವ ಕೊಳವೆಯನ್ನು ಕಿತ್ತು ಅದರ ಬಾಯಿಗೆ ಬೆರಳು ಹಿಡಿಯಲು ನನಗೆ ಹೇಳಿದರು. ಇಂಜಿನ್ ಸ್ಟಾರ್ಟ್ ಮಾಡಿ ಕೀ ತಿರುಗಿಸಿದರು. ತಟ್ಟನೆ ನಿಂತಿತು. ರೋಗ ಬಾಗಿಲಲ್ಲಿದೆ.

ಯಾವ ಬಾಗಿಲು ಎಂದು ಕಂಡುಹಿಡಿಯಲು ಒಂದು ಭಾನುವಾರ ಪೂರ್ತಿ ಹಿಡಿಯಿತು. ಬೀಗ ಹಾಕಲು ಒಂದು ಕೊಳವೆ, ತೆಗೆಯಲು ಒಂದು ಕೊಳವೆ, ಎಲ್ಲವೂ ಕಾರ್ಪೆಟ್ಟಿನ ಅಡಿಯಲ್ಲಿ ಓಡುತ್ತವೆ. ನಾಲ್ಕು ಬಾಗಿಲಿನ ಒಳಹಲಗೆ ಬಿಚ್ಚಿದೆವು. ಕ್ಲಿಪ್ಪುಗಳು ನಲವತ್ತು ವರ್ಷ ಹಳೆಯವು, ಜೋರು ಮಾಡಿದರೆ ಬಿಸ್ಕತ್ತಿನ ಹಾಗೆ ಮುರಿಯುತ್ತವೆ. ಕೊನೆಗೆ ಹಿಂದಿನ ಎಡ ಬಾಗಿಲಿನಲ್ಲಿ ಸಿಕ್ಕಿತು. ನನ್ನ ಕೈಯನ್ನು ಮೊಣಕೈವರೆಗೆ ಒಳಗೆ ಹಾಕಿ ಡಬ್ಬಿ ಹೊರತೆಗೆದೆ. ಒಳಗಿನ ರಬ್ಬರಿನಲ್ಲಿ ಅಕ್ಕಿಕಾಳಿನಷ್ಟು ಸೀಳು. ಆ ಸೀಳಿನಿಂದಾಗಿ ಬಾನೆಟ್ಟಿನ ಕೆಳಗೆ ಇಡೀ ಇಂಜಿನ್ ಮಾತು ಕೇಳುತ್ತಿರಲಿಲ್ಲ.

ಹೊಸ ಡಬ್ಬಿ ಬೇಕೆಂದರೆ ದಾರಿ ಇದೆ. ಸ್ಟಟ್‌ಗಾರ್ಟ್ ಹತ್ತಿರದ ಫೆಲ್‌ಬಾಕ್‌ನಲ್ಲಿ ಬೆಂಜ್‌ನವರೇ 1993ರಿಂದ ಹಳೆ ಕಾರುಗಳಿಗೆಂದೇ ಒಂದು ಕೇಂದ್ರ ನಡೆಸುತ್ತಿದ್ದಾರೆ. ಆದರೆ ಒಂದು ಸಣ್ಣ ಡಬ್ಬಿಗೆ ಸಾಗಣೆ, ಸುಂಕ ಸೇರಿಸಿದರೆ ನಮ್ಮ ಗ್ಯಾರೇಜಿನ ಎರಡು ದಿನದ ಕೂಲಿ ಹೋಗುತ್ತದೆ. ನಾನಾ ಆ ಬಾಗಿಲಿಗೆ ಹೋಗುವ ಕೊಳವೆಯ ತುದಿಗೆ ಒಂದು ಸ್ಕ್ರೂ ತಿರುಗಿಸಿ ಮುಚ್ಚಿದರು. ಅಂದಿನಿಂದ ಕೀ ತಿರುಗಿಸಿದರೆ ಇಂಜಿನ್ ನಿಲ್ಲುತ್ತದೆ. ಹಿಂದಿನ ಎಡ ಬಾಗಿಲಿಗೆ ಮಾತ್ರ ಕೈಯಿಂದ ಬೀಗ ಹಾಕಬೇಕು. ನನ್ನ ಲೆಕ್ಕದ ಪುಸ್ತಕದಲ್ಲಿ ಅಂದಿನ ಖರ್ಚು: ಸ್ಕ್ರೂ ಒಂದು, 2 ರೂಪಾಯಿ. ಚಹಾ, 60 ರೂಪಾಯಿ.

ಇನ್ನು ಹೊಗೆ. ನವೀಕರಣಕ್ಕೆ ಹೋಗುವ ಮೊದಲು ಹೊಗೆಯ ಪರೀಕ್ಷೆ ಪಾಸಾಗಬೇಕು. ಬಿಎಸ್ 4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಮಿತಿ 65 ಹಾರ್ಟ್ರಿಜ್ ಅಂಕ. ನವೆಂಬರಿನಲ್ಲಿ ಮಾಡಿಸಿದಾಗ ನಮ್ಮದು 78 ಬಂತು. ಮಾಮೂ ಏನೂ ಹೇಳಲಿಲ್ಲ, ಚೀಟಿ ಮಡಿಸಿ ನನ್ನ ಪುಸ್ತಕದಲ್ಲಿಟ್ಟರು.

ನಾನಾ ಮೊದಲು ಹೇಳಿದ್ದು ಟ್ಯಾಪೆಟ್. ಈ ಇಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್, ಎಂಟು ವಾಲ್ವ್. ಮೇಲೆ ತಿರುಗುವ ಕ್ಯಾಮ್ ಪ್ರತಿ ವಾಲ್ವನ್ನೂ ಒತ್ತಿ ತೆರೆಯುತ್ತದೆ. ಕ್ಯಾಮಿನ ದುಂಡು ಭಾಗ ಮೇಲೆ ಬಂದಾಗ ನಡುವೆ ಒಂದು ಸಂದು ಇರಬೇಕು. ಒಳಗೆ ಗಾಳಿ ಬಿಡುವ ವಾಲ್ವಿಗೆ 0.10 ಮಿಲಿಮೀಟರ್, ಸುಮಾರು ತಲೆಕೂದಲಿನಷ್ಟು. ಹೊಗೆ ಬಿಡುವ ವಾಲ್ವು ಬೆಂಕಿಯಲ್ಲೇ ಇರುವುದರಿಂದ ಅದಕ್ಕೆ ಇದರ ಹಲವು ಪಟ್ಟು. ಸವೆದಷ್ಟೂ ಸಂದು ದೊಡ್ಡದಾಗುತ್ತದೆ ಎಂದು ನಾನು ಭಾವಿಸಿದ್ದೆ. ಇಲ್ಲಿ ತಲೆಕೆಳಗು. ವಾಲ್ವು ಕೂರುವ ಜಾಗ ಸವೆದು ವಾಲ್ವು ಒಳಕ್ಕೆ ಇಳಿದಂತೆ ಅದರ ಬಾಲ ಮೇಲೆ ಬರುತ್ತದೆ, ಸಂದು ಮುಚ್ಚುತ್ತದೆ. ಆಗ ವಾಲ್ವು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಒತ್ತಿದ ಗಾಳಿ ಸೋರುತ್ತದೆ, ಬೆಳಿಗ್ಗೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ, ಹೊಗೆ ಜಾಸ್ತಿ. ಶಬ್ದ ಮಾತ್ರ ಕಡಿಮೆಯಾಗುತ್ತದೆ. ಓನರುಗಳು “ಇಂಜಿನ್ ಮೆತ್ತಗಾಗಿದೆ, ಚೆನ್ನಾಗಿದೆ” ಎಂದು ಖುಷಿಪಡುವ ಹೊತ್ತಿಗೆ ವಾಲ್ವು ಸುಡುತ್ತಿರುತ್ತದೆ ಎಂದು ನಾನಾ ಹೇಳುತ್ತಾರೆ.

ಸವಕಳಿಗೆ ನಾನಾ ‘ಘಿಸಾಯೀ’ ಎನ್ನುತ್ತಾರೆ. ನನ್ನ ಪುಸ್ತಕದ ಸವಕಳಿ ವರ್ಷಕ್ಕೆ ಶೇಕಡಾ 15, ಮಾರ್ಚ್ 31ಕ್ಕೆ ಒಂದೇ ಸಲ ಬರೆಯುತ್ತೇನೆ. ಅವರ ಘಿಸಾಯೀ ಎಂಟು ವಾಲ್ವಿಗೆ ಎಂಟು ಥರ.

ಈ ಕೆಲಸಕ್ಕೆ 14 ನಂಬರಿನ ಎರಡು ಪಾನಾ ಬೇಕು. ವಾಲ್ವಿನ ತಲೆಯ ಮೇಲಿನ ಕ್ಯಾಪ್ ನಟ್ಟಿಗೆ ಒಂದು, ಅದರ ಕೆಳಗಿನ ಲಾಕ್ ನಟ್ಟಿಗೆ ಒಂದು. ನೇರ ಪಾನಾ ಅಲ್ಲಿ ಹೋಗುವುದಿಲ್ಲ. ಕಂಪನಿಯದು ಬೇರೆ ಬಾಗಿದ ಪಾನಾ ಇದೆ. ನಾನಾ ಮಾಮೂಲಿ ಪಾನಾಗಳನ್ನೇ ಗ್ಯಾಸಿನ ಬೆಂಕಿಯಲ್ಲಿ ಕಾಯಿಸಿ ಬಗ್ಗಿಸಿಕೊಂಡಿದ್ದಾರೆ. ಕ್ರ್ಯಾಂಕಿನ ನಟ್ಟಿಗೆ 27 ನಂಬರ್ ಸಾಕೆಟ್ ಹಾಕಿ, ಇಂಜಿನ್ ತಿರುಗುವ ದಿಕ್ಕಿಗೇ ಕೈಯಿಂದ ತಿರುಗಿಸುತ್ತ, ಒಂದೊಂದೇ ಕ್ಯಾಮ್ ಮೇಲೆ ಬಂದಾಗ ನಿಲ್ಲಿಸಬೇಕು. ಹಿಂದಕ್ಕೆ ತಿರುಗಿಸಬಾರದು, ಚೈನ್ ಸಡಿಲಾಗಿ ಹಲ್ಲು ತಪ್ಪಬಹುದು. ಇಂಜಿನ್ ತಣ್ಣಗಿರಬೇಕು. ಆದ್ದರಿಂದ ಕಾಲೇಜಿಗೆ ಹೊರಡುವ ಮೊದಲು, ಬೆಳಿಗ್ಗೆ ಆರೂವರೆಗೆ.

ಎರಡು ವರ್ಷದ ಹಿಂದೆ ನಾನಾ ಅವರಿಗೆ ಕೈ ನಡುಕ ಶುರುವಾಯಿತು. ಚಹಾದ ಬಟ್ಟಲು ಹಿಡಿಯಬಲ್ಲರು, ಬೋಲ್ಟ್ ಬಿಗಿ ಮಾಡಬಲ್ಲರು. 0.10 ಮಿಲಿಮೀಟರಿನ ತಗಡು ಹಿಡಿಯಲಾರರು. ಈ ಸಲ ಗೇಜ್ ನನ್ನ ಕೈಯಲ್ಲಿ, ಪಾನಾ ಮಾಮೂ ಕೈಯಲ್ಲಿ. ನಾನಾ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದರು: “ಹೇಗೆ ಜಾರ್ತಾ ಇದೆ?” ಸಡಿಲ ಎಂದರೆ ಸಾಲದು, ಬಿಗಿ ಎಂದರೂ ಸಾಲದು. ಅವರಿಗೆ ಬೇಕಾದ ಉತ್ತರ ಸಿಕ್ಕಲು ನನಗೆ ಎರಡು ವಾಲ್ವು ಹಿಡಿಯಿತು. ಹೊಸ ನೋಟ್‌ಬುಕ್ಕಿನ ಹಾಳೆಗಳ ನಡುವಿನಿಂದ ಒಂದು ಹಾಳೆ ಎಳೆದ ಹಾಗೆ ಎಂದೆ. “ಬಸ್,” ಎಂದರು, “ಅಲ್ಲೇ ಲಾಕ್ ಮಾಡು.” ಎಂಟರಲ್ಲಿ ಐದು ವಾಲ್ವಿನ ಸಂದು ಮುಚ್ಚಿತ್ತು. ಅದರಲ್ಲಿ ಮೂರನೇ ಸಿಲಿಂಡರಿನ ಹೊಗೆ ವಾಲ್ವಿನೊಳಗೆ ಯಾವ ತಗಡೂ ಹೋಗುತ್ತಿರಲಿಲ್ಲ.

ಆಮೇಲೆ ನಾಜಲ್. ನಾಲ್ಕನ್ನೂ ಬಿಚ್ಚಿ ಪೇಟೆಯ ಡೀಸೆಲ್ ಪಂಪ್ ರಿಪೇರಿಯವರ ಬಳಿ ಒಯ್ದೆವು. ಅವರು ಒಂದೊಂದನ್ನೂ ಕೈಪಂಪಿಗೆ ಸಿಕ್ಕಿಸಿ ಹಿಡಿ ಒತ್ತುತ್ತಾರೆ. ಸುಮಾರು 115 ಬಾರ್ ಒತ್ತಡದಲ್ಲಿ ಅದು ಬಾಯಿ ತೆರೆದು ‘ಕರ್’ ಎಂದು ಸದ್ದು ಮಾಡಿ ಮಂಜಿನ ಹಾಗೆ ಚಿಮ್ಮಬೇಕು. ಎರಡು ಹಾಗೆ ಮಾಡಿದವು. ಒಂದು ಬೇಗನೇ ತೆರೆದು ಪಿಚಕಾರಿ ಹೊಡೆಯಿತು. ಇನ್ನೊಂದು ಮಗುವಿನ ಮೂಗಿನ ಹಾಗೆ ಸೋರುತ್ತಿತ್ತು. ಸೋರುವ ನಾಜಲ್ ಎಂದರೆ ಅರೆಬೆಂದ ಡೀಸೆಲ್, ಅರೆಬೆಂದ ಡೀಸೆಲ್ ಎಂದರೆ ಕಪ್ಪು ಹೊಗೆ.

ನಾಜಲ್ ವಿಷಯದಲ್ಲಿ ಕರ್ನಾಟಕದವರಿಗೆ ಪುಣ್ಯವಿದೆ. ಈ ಇಂಜಿನ್ನಿನ ಡೀಸೆಲ್ ಪಂಪ್, ನಾಜಲ್ ಎಲ್ಲ ಬಾಷ್ ಕಂಪನಿಯ ವಿದ್ಯೆ. ಬಾಷ್ ಊರು ಸ್ಟಟ್‌ಗಾರ್ಟ್, ಬೆಂಜ್ ಊರೂ ಅದೇ. ಆ ಬಾಷ್‌ನವರ ಸಹಯೋಗದಲ್ಲಿ 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾದದ್ದು ನಮ್ಮಲ್ಲಿ, ಕಾರ್ಖಾನೆ ಎದ್ದದ್ದು ಬೆಂಗಳೂರಿನ ಆಡುಗೋಡಿಯಲ್ಲಿ. ಅದನ್ನೇ ನಾವು ಮೈಕೋ ಎನ್ನುವುದು. 2008ರಲ್ಲಿ ಹೆಸರು ಬಾಷ್ ಎಂದಾಯಿತು, ಪೇಟೆಯಲ್ಲಿ ಈಗಲೂ “ಮೈಕೋ ನಾಜಲ್ ಕೊಡಿ” ಎಂದೇ ಕೇಳುತ್ತಾರೆ. ಮಾಮೂ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದವರು ಟ್ರ್ಯಾಕ್ಸ್‌ನದು ಎಂದು ಹೇಳಿ ನಾಲ್ಕು ನಾಜಲ್, ಅವುಗಳ ಕೆಳಗಿಡುವ ವಾಷರ್ ತಂದರು. ಬೆಂಜ್ ಎಂದಿದ್ದರೆ ಬೆಲೆ ಬೇರೆ ಇರುತ್ತಿತ್ತು. ಆ ವಾಷರ್ ಹಳೆಯದನ್ನೇ ಹಾಕಬಾರದು, ಅದು ಒಂದು ಸಲ ಒತ್ತಿದ ಮೇಲೆ ಮತ್ತೆ ಸೀಲ್ ಆಗುವುದಿಲ್ಲ.

ಡಿಸೆಂಬರ್ ಎರಡನೇ ವಾರದ ಪರೀಕ್ಷೆಯಲ್ಲಿ 51 ಬಂತು. ನಾನಿ ಈಗಲೂ ಕಿಟಕಿ ಮುಚ್ಚುತ್ತಾರೆ, ಅದು ಬೇರೆ ಮಾತು.

ಇಷ್ಟಾದರೂ 80,000 ಹಾಗೇ ಇದೆ. ಮಾಮೂ ಮಾತನ್ನು ನಾನು ಅನ್ಯಾಯ ಮಾಡದೆ ಬರೆಯಬೇಕು. ಈಗಿನ ಗಾಡಿಗಳಿಗೆ ಸ್ಕ್ಯಾನರ್ ಇಲ್ಲದೆ ಬಾನೆಟ್ ಎತ್ತುವ ಹಾಗಿಲ್ಲ. ನಮ್ಮಲ್ಲಿರುವುದು ಅಗ್ಗದ್ದು, ಅರ್ಧ ಗಾಡಿಗಳಿಗೆ ತಾಗುವುದಿಲ್ಲ. ಆ ಗಿರಾಕಿಗಳು ಪಕ್ಕದ ಶೆಡ್ಡಿಗೆ ಹೋಗುತ್ತಾರೆ. 80,000ಕ್ಕೆ ಒಳ್ಳೆಯ ಸ್ಕ್ಯಾನರ್ ಬರುತ್ತದೆ. ಗ್ಯಾರೇಜಿನಲ್ಲಿ ಇಬ್ಬರು ಹುಡುಗರ ಸಂಬಳ, ನಮ್ಮ ಮನೆಯ ಅಕ್ಕಿ, ಮುಂದಿನ ವರ್ಷ ನನ್ನ ಬಿ.ಕಾಂ. ಫೀಸು ಎಲ್ಲ ಆ ಗ್ಯಾರೇಜಿನಿಂದಲೇ. ಮಾಮೂ ಒಂದು ದಿನ ನಾನಾ ಇಲ್ಲದಾಗ ನನಗೆ ಹೇಳಿದರು: “ಅಬ್ಬಾಗೆ ಅದು ಗಾಡಿ ಅಲ್ಲ ಅಂತ ಗೊತ್ತು. ಆದರೆ ಬ್ಯಾಂಕಿಗೆ ಅದು ಗೊತ್ತಿಲ್ಲವಲ್ಲ.”

ಅಷ್ಟರಲ್ಲಿ ಬೆಂಗಳೂರಿನಿಂದ ಹಳೆ ಕಾರು ಸಂಗ್ರಹಿಸುವ ಒಬ್ಬರು ಬಂದು ನೋಡಿ ಹೋದರು. ಆರ್‌ಸಿ ಚಾಲ್ತಿಯಲ್ಲಿದ್ದರೆ ಮೂರೂವರೆ ಲಕ್ಷ, ಇಲ್ಲದಿದ್ದರೆ ಒಂದೂಮುಕ್ಕಾಲು ಎಂದರು. ನಾನು ಅಂದು ರಾತ್ರಿ ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿದೆ. ಶುಲ್ಕ ಕಟ್ಟಿದರೆ 80,000 ಹೋಗುತ್ತದೆ, ಬೆಲೆ 1,75,000 ಏರುತ್ತದೆ. ಮಾರುವುದಾದರೂ ಕಟ್ಟಿಯೇ ಮಾರಬೇಕು, ಇಟ್ಟುಕೊಳ್ಳುವುದಾದರೂ ಕಟ್ಟಲೇಬೇಕು. ಈ ಹಾಳೆಯನ್ನು ಮಾಮೂ ಮುಂದಿಟ್ಟೆ. ಅವರು ಎರಡು ಸಲ ಓದಿ, “ಇದೆಲ್ಲ ಕಾಲೇಜಿನಲ್ಲಿ ಹೇಳಿಕೊಡ್ತಾರಾ?” ಎಂದರು. ಚೀಟಿಯ ಹಣ ಫೆಬ್ರವರಿಯಲ್ಲಿ ಬರುತ್ತದೆ, ಅದರಿಂದ ಕಟ್ಟುವುದೆಂದು ತೀರ್ಮಾನವಾಯಿತು. ಮಾರುವ ಮಾತು ಆಮೇಲೆ.

ನನ್ನನ್ನು ಕೇಳಿದರೆ ಮಾರಬಾರದು. ಆದರೆ ಅದಕ್ಕೆ ನನ್ನ ಹಾಳೆಯಲ್ಲಿ ಮೂರನೇ ಕಾಲಂ ಇಲ್ಲ, ಇದೆ ಎಂದು ಹೇಳಿ ಮಾಮೂಗೆ ಮೋಸ ಮಾಡಲೂ ಮನಸ್ಸಿಲ್ಲ. ನಾನಾ ಅವರನ್ನು ಕೇಳಿದಾಗ ಅವರು ಮಾರು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. “ಯಾರು ತಗೊಂಡರೂ ಕಾಪಿ ಜೊತೆಗೆ ಕೊಡಿ” ಎಂದರು.

ಕಾಪಿ ಎಂದರೆ ಅವರ ನೋಟ್‌ಬುಕ್. 1991ರಿಂದ ಈ ಕಾರಿಗೆ ಮಾಡಿದ ಪ್ರತಿ ಕೆಲಸವೂ ಅದರಲ್ಲಿದೆ: ತಾರೀಖು, ಕಿಲೋಮೀಟರ್, ಏನು ಬಿಚ್ಚಿದ್ದು, ಏನು ಹಾಕಿದ್ದು, ಟ್ರ್ಯಾಕ್ಸ್‌ನದು ಯಾವುದು ಹೊಂದಿತು, ಯಾವುದು ಹೊಂದಲಿಲ್ಲ. ಎಲ್ಲ ಉರ್ದುವಿನಲ್ಲಿ. ಬೆಂಗಳೂರಿನವರಿಗಾಗಲಿ, ಗ್ಯಾರೇಜಿನ ಹುಡುಗರಿಗಾಗಲಿ ಅದು ಓದಲು ಬರುವುದಿಲ್ಲ. ಹಾಗಾಗಿ ಅರ್ಧವಾರ್ಷಿಕ ಪರೀಕ್ಷೆ ಮುಗಿದಾಗಿನಿಂದ ಅದನ್ನು ನಾನು ಕನ್ನಡಕ್ಕೆ ಇಳಿಸುತ್ತಿದ್ದೇನೆ. ದಿನಕ್ಕೆ ಎರಡು ಪುಟ. ಉರ್ದುವಿನ ‘ಚಾಲ್’ಗೆ ಗ್ಯಾರೇಜಿನ ಕನ್ನಡದಲ್ಲಿ ‘ಆಟ’ ಎನ್ನುತ್ತಾರೆ. ಸ್ಟೇರಿಂಗಿಗೆ ಆಟ ಬಂದಿದೆ, ಬೇರಿಂಗಿಗೆ ಆಟ ಬಂದಿದೆ. ‘ದಮ್’ಗೆ ಏನು ಬರೆಯಲಿ ಎಂದು ಕನ್ನಡ ಮೇಡಂ ಅವರನ್ನು ಕೇಳಿದೆ. ಇಂಜಿನ್ನಿಗೆ ದಮ್ ಇಲ್ಲ ಎಂದರೆ ಉಸಿರೋ, ಕಸುವೋ? ಅವರು ದಮ್ಮು ಕನ್ನಡದಲ್ಲೂ ಇದೆಯಲ್ಲ, ಹಾಗೇ ಇರಲಿ ಎಂದರು.

ಈಗ 41ನೇ ಪುಟದಲ್ಲಿದ್ದೇನೆ, 2004ನೇ ಇಸವಿ. ಆ ಪುಟಕ್ಕೆ ಎಣ್ಣೆ ಕುಡಿದು ಅರ್ಧ ಅಕ್ಷರ ಮಾಸಿವೆ. ಒಂದು ಸಾಲು ಎಷ್ಟು ನೋಡಿದರೂ ತಿಳಿಯಲಿಲ್ಲ. ನಾನಾ ಅವರ ಬಳಿ ಒಯ್ದೆ. ಕನ್ನಡಕ ಹಾಕಿ, ತೆಗೆದು, ಬಾಗಿಲ ಬೆಳಕಿಗೆ ಹಿಡಿದು ನೋಡಿದರು. “ಏನೋ ದೊಡ್ಡ ಕೆಲಸವೇ ಮಾಡಿದೀನಿ,” ಎಂದರು, “ಕೈ ಒರೆಸಿಕೊಳ್ಳದೇ ಬರೆದಿದೀನಿ ನೋಡು.” ಆ ಸಾಲಿನಲ್ಲಿ ಕಿಲೋಮೀಟರ್ ಮಾತ್ರ ಸ್ಪಷ್ಟವಾಗಿತ್ತು: 2,61,370. ಅಷ್ಟನ್ನು ಬರೆದು, ಪಕ್ಕದ ಜಾಗ ಖಾಲಿ ಬಿಟ್ಟು, ಮುಂದಿನ ಪುಟ ತಿರುಗಿಸಿದೆ.